ಬಿಜಲಿಗೊಂದು ಬೋನು

ನಮ್ಮ ಔಷಧಿ ಅಂಗಡಿಯ ಎದುರಿನ ಮನೆಗೆ ಹೋದ ವಾರ ಬಾಗಿಲು ಬಂತು. ಹೊಸದಾಗಿ ಬಾಡಿಗೆಗೆ ಬಂದವರು ತೇಗದ ಬಣ್ಣ ಬಳಿದ ಗಟ್ಟಿ ಬಾಗಿಲನ್ನು ತಂದು ಕೂರಿಸಿದರು. ಬಡಗಿ ಅಗುಳಿ ಹಾಕಿ, ತೆಗೆದು, ಮತ್ತೆ ಹಾಕಿ ನೋಡುತ್ತಿದ್ದ ಸದ್ದು ಮಧ್ಯಾಹ್ನವಿಡೀ ಕೇಳಿಸಿತು. ಗಿರಾಕಿಯೊಬ್ಬರು ಜ್ವರದ ಮಾತ್ರೆ ಕೇಳಿದರೆ ನಾನು ಕೆಮ್ಮಿನ ಔಷಧಿ ತೆಗೆದಿಟ್ಟೆ. ಮಾಸ್ತರು ಬದುಕಿದ್ದಷ್ಟು ಕಾಲ ಆ ಚೌಕಟ್ಟು ಖಾಲಿಯೇ ಇತ್ತು. ಹಳೆಯ ಬಾಗಿಲನ್ನು ಅವರೇ ಕಿತ್ತು, ಹಿತ್ತಲಲ್ಲಿ ಕಲ್ಲುಗಳ ಮೇಲೆ ಅಡ್ಡ ಇಟ್ಟು, ಅದರ ಮೇಲೆ ಮೆಣಸಿನಕಾಯಿ ಒಣಗಿಸುತ್ತಿದ್ದರು. ಅವರ ಹೆಂಡತಿ ಇದ್ದಾಗ, ಆಕೆಯೇ "ನಮ್ಮ ಮನಿಗೆ ಕಳ್ಳ ಬಂದ್ರ ಬಾಗಲಾ ಬಡಿಯೂ ತ್ರಾಸ ಇಲ್ಲ ನೋಡ್ರಿ, ಸೀದಾ ಬಂದು ಚಾ ಕೇಳಬಹುದು" ಎಂದು ನಗುತ್ತಿದ್ದರು.

ಕುಷ್ಟಗಿಯಲ್ಲಿ ಮಾಸ್ತರೆಂಬವರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಪಾಲಿಗೆ ಮಾಸ್ತರು ಎಂದರೆ ಹೈಸ್ಕೂಲಿನ ಡ್ರಿಲ್ ಮಾಸ್ತರು. ಎತ್ತರದ, ಒಣಕಲು ಮೈಯ, ನಿವೃತ್ತರಾದ ಮೇಲೂ ಬಿಳಿ ಕ್ಯಾನ್ವಾಸ್ ಬೂಟಿಗೆ ಸುಣ್ಣದಂಥ ಪಾಲಿಶ್ ಬಳಿದುಕೊಂಡೇ ಕಾಯಿಪಲ್ಲೆ ತರಲು ಹೋಗುತ್ತಿದ್ದ ಮನುಷ್ಯ. ನಾನು ಅವರ ಕೈಯಲ್ಲಿ ಖೋ ಖೋ ಕಲಿತವಳು. ಆಟದಲ್ಲಿ ನನಗೆ ಓಡುವ ಹುಚ್ಚು, ಕೂತು ಕಾಯುವುದೆಂದರೆ ಮೈಯೆಲ್ಲ ಉರಿ. ಅವರು ಬೆನ್ನ ಹಿಂದೆ ಬಂದು ನಿಂತು, "ಓಡೂದು ಕುರಿಗೂ ಬರತೈತಿ. ಕುಂದರೂದು ಕಲಿ ಬೇ" ಎನ್ನುತ್ತಿದ್ದರು. ಈಗ ದಿನವಿಡೀ ಗಲ್ಲೆಯ ಹಿಂದೆ ಕೂತು ಮೈ ಬಂದಿದೆ. ಆ ಕಲಿಕೆ ಉಪಯೋಗಕ್ಕೆ ಬಂತೆಂದೇ ಹೇಳಬೇಕು.

ಅವರು ಮುಚ್ಚಿದ ಜಾಗಕ್ಕೆ ಹೋಗುತ್ತಿರಲಿಲ್ಲ ಎಂಬುದು ನಮಗೆ ಸಾಲಿಯಲ್ಲಿ ಹೊಳೆದಿರಲೇ ಇಲ್ಲ. ಬಯಲಿನ ಮಾಸ್ತರು ಬಯಲಲ್ಲಿರುತ್ತಾರೆ, ಅದರಲ್ಲೇನು ವಿಶೇಷ? ಅವರ ಮನೆಯೆದುರು ಅಂಗಡಿ ಹಾಕಿದ ಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. ಸ್ಟಾಫ್ ರೂಮಿನ ಮೀಟಿಂಗಿಗೆ ಹೊಸ್ತಿಲ ಮೇಲೇ ನಿಂತು ಹಾಜರಿ ಹಾಕುತ್ತಿದ್ದರಂತೆ. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯುವರು. ಮದುವೆಗೆ ಹೋದರೆ ಅಕ್ಷತೆ ಹಾಕಿ, ಊಟದ ಹಾಲಿಗೆ ಮಾತ್ರ ಕಾಲಿಡದೆ, ಎಲೆಯನ್ನು ಹೊರಗಿನ ಮೆಟ್ಟಿಲ ಮೇಲೆ ತರಿಸಿಕೊಳ್ಳುವರು. ಕೇಳಿದರೆ ಒಂದೇ ಉತ್ತರ. "ಗಾಳಿ ಆಡಬೇಕವಾ." ಅದನ್ನು ನಾವು ಮುದುಕರ ಖಯಾಲಿ ಎಂದು ಬಿಟ್ಟುಬಿಟ್ಟೆವು.

ಬಿಜಲಿ ಅವರ ಮನೆಗೆ ಬಂದದ್ದು ಹೆಂಡತಿ ತೀರಿಕೊಂಡ ಮರುವರ್ಷ. ಹಳೆಯ ಶಿಷ್ಯನೊಬ್ಬ ಮುಧೋಳದ ಕಡೆಯಿಂದ ತಂದುಕೊಟ್ಟ ಬೇಟೆ ತಳಿಯ ಹೆಣ್ಣು ನಾಯಿಮರಿ. ದಾಳಿಂಬೆ ತುಂಬುವ ಪ್ಲಾಸ್ಟಿಕ್ ಕ್ರೇಟಿನಲ್ಲಿ ಅದನ್ನು ಕೂರಿಸಿ, ಮೇಲೆ ಇನ್ನೊಂದು ಕ್ರೇಟು ಬೋರಲು ಹಾಕಿ, ಹಗ್ಗ ಬಿಗಿದು ತಂದಿದ್ದ. ಮಾಸ್ತರು ಅವನಿಗೆ ಬಾ ಎನ್ನಲಿಲ್ಲ, ಕೂಡು ಎನ್ನಲಿಲ್ಲ. ಗಂಟು ಬಿಚ್ಚಲು ತಾಳ್ಮೆಯಿಲ್ಲದೆ ಹಗ್ಗವನ್ನು ಹಲ್ಲಿನಿಂದಲೇ ಕಡಿದರು. "ಜೀವ ಇರೂ ವಸ್ತು ಇದು, ದಾಳಿಂಬಿ ಅಲ್ಲ" ಎಂದು ಆ ಶಿಷ್ಯನಿಗೆ ಸಾಲಿಯಲ್ಲಿ ಬೈದಂತೆಯೇ ಬೈದರು.

ಮರಿ ಬೆಳೆಯಿತು. ಎದೆ ಆಳ, ಹೊಟ್ಟೆ ಬೆನ್ನಿಗೆ ಹತ್ತಿದ್ದು, ಕಾಲು ಮಾತ್ರ ಮುಗಿಯುವುದೇ ಇಲ್ಲ. ಬೆಳಿಗ್ಗೆ ಸಾಲಿಯ ಮೈದಾನದಲ್ಲಿ ಬಿಟ್ಟರೆ ನೋಡುವವರ ಕುತ್ತಿಗೆ ನೋಯುತ್ತಿತ್ತು. ಯಾರೋ ಹುರಿದುಂಬಿಸಿ, ಹೊಸಪೇಟೆಯಲ್ಲಿ ಶ್ವಾನ ಪ್ರದರ್ಶನ ಇದೆ, ಹೋಗ್ರಿ ಎಂದರು. ಬಾಗಿಲಿರುವ ವಾಹನ ಬೇಡವೆಂದು ಮಾಸ್ತರು ಹಿಂದೆ ಬಯಲಾಗಿರುವ ಟಂಟಂ ಆಟೋ ಮಾತಾಡಿಕೊಂಡು, ಬಿಜಲಿಯ ಹಗ್ಗ ಮುಂಗೈಗೆ ಸುತ್ತಿಕೊಂಡು ಹೊರಟರು. ಅಲ್ಲಿ ಶಾಮಿಯಾನದ ಕೆಳಗೆ ಒಂದೊಂದು ನಾಯಿಯೂ ತನ್ನ ತನ್ನ ಕೇಜಿನಲ್ಲಿ ಕೂತಿತ್ತಂತೆ. ಬಟ್ಟೆಯದು, ತಂತಿಯದು, ಪ್ಲಾಸ್ಟಿಕ್ಕಿನದು, ಮಡಚುವಂಥದು. ಕೇಜು ಇಲ್ಲದೆ ಬಂದವರು ಇವರೊಬ್ಬರೇ. ಕಾರ್ಯಕರ್ತನೊಬ್ಬ ಬಂದು ಕೇಳಿದ್ದಕ್ಕೆ, "ನಾ ನಾಯಿ ತೋರಸಾಕ ಬಂದೀನಿ, ಜೇಲು ತೋರಸಾಕಲ್ಲ" ಎಂದು ಉತ್ತರ ಕೊಟ್ಟು ಬಂದರು. ದೇಸಿ ತಳಿಯಲ್ಲಿ ಬಿಜಲಿಗೆ ಬಹುಮಾನವೂ ಬಂತು.

ವಾಪಸು ಬರುವಾಗ, ಮುನಿರಾಬಾದ್ ದಾಟಿ ಹಿಟ್ನಾಳದ ಹತ್ತಿರ ರಸ್ತೆ ಪಕ್ಕದಲ್ಲಿ ಆಡಿನ ಹಿಂಡು ಕಂಡಿದೆ. ಬೇಟೆ ನಾಯಿ, ಓಡುತ್ತಿದ್ದ ಟಂಟಂನಿಂದ ಜಿಗಿದುಬಿಟ್ಟಿತು. ಹಗ್ಗ ಮಾಸ್ತರ ಮುಂಗೈ ಚರ್ಮವನ್ನೂ ಕಿತ್ತುಕೊಂಡು ಹೋಯಿತು. ಸಂಜೆ ಅವರು ಬಿಜಲಿಯನ್ನು ಹೆಗಲ ಮೇಲೆ ಹೊತ್ತು ನನ್ನ ಅಂಗಡಿಯ ಮುಂದೆ ನಿಂತಾಗ ಅದರ ಹಿಂಗಾಲು ಜೋತು ಬಿದ್ದಿತ್ತು. ಅವರ ಮುಖ ನೋಡಿ ನನಗೆ ಗಾಬರಿಯಾಯಿತು. ನಾಯಿಗಿಂತ ಅವರೇ ಹೆಚ್ಚು ನಡುಗುತ್ತಿದ್ದರು.

ಹುಬ್ಬಳ್ಳಿಯ ಪಶುವೈದ್ಯರು ಶಸ್ತ್ರಚಿಕಿತ್ಸೆ ಮಾಡಿ ಮೂಳೆಗೆ ಪ್ಲೇಟು ಕೂರಿಸಿದರು. ಕಾರು ಓಡಿಸಿದ್ದು ನಾನು. ಊರಲ್ಲಿ ಕಾರು ಓಡಿಸುವ ಹೆಂಗಸರು ಕಮ್ಮಿ, ನನ್ನ ಬಾಯಿಯಷ್ಟೇ ನನ್ನ ಡ್ರೈವಿಂಗೂ ಹೆಸರುವಾಸಿ. ಕಿಟಕಿಯ ಗಾಜು ಪೂರ್ತಿ ಇಳಿಸಿರಬೇಕು ಎಂಬ ಷರತ್ತಿನ ಮೇಲೆ ಮಾಸ್ತರು ಹತ್ತಿದ್ದರು. ಡಾಕ್ಟರು ನಮ್ಮಿಬ್ಬರನ್ನೂ ನಿಲ್ಲಿಸಿ ಹೇಳಿದರು: "ಮೂಳಿ ಕೂಡೂ ತನಕ ಇದು ಓಡಬಾರದು, ಜಿಗೀಬಾರದು. ಮನ್ಯಾಗೂ ಕೇಜ್, ದಾರ್ಯಾಗೂ ಕೇಜ್. ಪ್ಲೇಟ್ ಸರೀತಂದ್ರ ಕಾಲು ಉಳಸೂದು ಕಷ್ಟ ಐತ್ರಿ." ಮಾಸ್ತರು ತಲೆ ಅಲ್ಲಾಡಿಸಿದರು. ಕೇಜ್ ಎಂಬ ಮಾತು ಅವರ ಬಾಯಿಗೆ ಬರಲಿಲ್ಲ. ದಾರಿಯುದ್ದಕ್ಕೂ ಅದನ್ನು ಬೋನು ಎಂದೇ ಕರೆದರು.

ಬೋನು ಮಾಡಿಸಲು ಅವರು ಗಂಗಾವತಿಗೆ ಹೋದರು. ಅಲ್ಲಿ ರೈಸ್ ಮಿಲ್ಲುಗಳಿಗೆ ಗೇಟು ಮಾಡುವ ಶಿಷ್ಯನೊಬ್ಬನ ವೆಲ್ಡಿಂಗ್ ಅಂಗಡಿ ಇತ್ತು. ಅಳತೆ ಇವರದೇ. ಉದ್ದ, ಅಗಲ, ಎತ್ತರ ಒಂದಕ್ಕಿಂತ ಒಂದು ಧಾರಾಳ. ಸರಳಿನ ನಡುವೆ ಕೈ ಹೋಗುವಷ್ಟು ಸಂದು. ಒಂದು ಬಾಗಿಲಿನಿಂದ ಬಂದರೆ ಇನ್ನೊಂದರಿಂದ ಹೋಗುವಂತೆ ಎರಡು ಬಾಗಿಲು. ಆ ಶಿಷ್ಯ, "ಸರ, ಇದು ನಾಯಿಗೋ ಎಮ್ಮಿಗೋ?" ಎಂದು ಕೇಳಿದನಂತೆ. ಬೋನು ನಮ್ಮ ಓಣಿಗೆ ಬಂದಾಗ ಇಳಿಸಲು ಓಣಿಯ ಗಂಡಸರೆಲ್ಲ ಕೈ ಹಚ್ಚಬೇಕಾಯಿತು. ಹೊತ್ತೊಯ್ಯುವ ಪೆಟ್ಟಿಗೆ ಮಾಡಿಸಿರೆಂದರೆ ಇವರು ಖೋಲಿ ಕಟ್ಟಿಸಿದ್ದರು. ನಾನು ಅಂಗಡಿಯ ಮೆಟ್ಟಿಲ ಮೇಲೆ ನಿಂತು ನಕ್ಕಿದ್ದೇ ನಕ್ಕಿದ್ದು. ಮಾಸ್ತರು ನಗಲಿಲ್ಲ. ಸರಳುಗಳ ಮೇಲೆ ಕೈಯಾಡಿಸುತ್ತ, "ಅಡ್ಡಾಡಾಕ ಜಾಗಾ ಐತಿ, ಇದು ಛಲೋ ಆತು" ಎಂದರು.

ಆ ಜಾಗವೇ ಮುಳುವಾಯಿತು. ಡಾಕ್ಟರಿಗೆ ತೋರಿಸಲು ಹೋಗುವ ದಿನ ಬೋನು ಕಾರಿಗೆ ಹಿಡಿಸುವ ಮಾತೇ ಇರಲಿಲ್ಲ, ಟಂಟಂ ಮೇಲೆ ಹೇರಿದರು. ಬಾಗಿಲುಗಳಿಗೆ ಅಗುಳಿ ಹಾಕದೆ ಸಡಿಲವಾಗಿ ದಾರ ಕಟ್ಟಿದ್ದರು. ಯಲಬುರ್ಗಾ ದಾರಿಯ ಹಂಪುಗಳು ಬಲ್ಲವರಿಗೇ ಗೊತ್ತು. ಒಂದೊಂದು ಹಂಪಿಗೂ ಬಿಜಲಿ ಈ ಸರಳಿನಿಂದ ಆ ಸರಳಿಗೆ ಜಾರಿ ಬಡಿದುಕೊಂಡಿದೆ. ಎದ್ದು ನಿಂತಿದೆ, ಮತ್ತೆ ಬಿದ್ದಿದೆ. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಪ್ಲೇಟು ಸರಿದಿತ್ತು. ಎರಡನೇ ಸಲ ಕೊಯ್ಯಬೇಕಾಯಿತು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮಾಸ್ತರ, ನಿಂತ್ರ ತಲಿ ಹತ್ತಬಾರದು, ತಿರಗಾಕ ಬರಬೇಕು, ಕಾಲು ಚಾಚಿ ಮಲಗಬೇಕು. ಅಷ್ಟ ಇರಬೇಕ್ರಿ ಕೇಜ್. ಹೆಚ್ಚಿಗಿ ಜಾಗಾ ಇದ್ದಷ್ಟು ಅಕಿಗೆ ಪೆಟ್ಟು ಜಾಸ್ತಿ" ಎಂದರು. ಇನ್ನೊಮ್ಮೆ ಸರಿದರೆ ಕಾಲು ತೆಗೆಯುವುದೊಂದೇ ದಾರಿ ಎಂಬುದನ್ನೂ ನೆಲ ನೋಡುತ್ತ ಹೇಳಿದರು.

ನಾನು ಅವತ್ತು ಕಾರಿನಲ್ಲಿ ಹಿಂದೆಯೇ ಹೋಗಿದ್ದೆ. ಆಸ್ಪತ್ರೆಯ ಹೊರಮೆಟ್ಟಿಲ ಮೇಲೆ ಕೂತು, ಒಳಗೆ ಬಿಜಲಿಗೆ ಎಚ್ಚರಾಗುವುದನ್ನು ಕಾಯುತ್ತಿದ್ದಾಗ ಮಾಸ್ತರು ತಾವಾಗಿಯೇ ಬಾಯಿ ಬಿಟ್ಟರು. ಅವರ ಹುಟ್ಟೂರು ಅಳವಂಡಿಯ ಕಡೆ, ಎರೆ ಭೂಮಿಯ ಹಳ್ಳಿ. ಅಲ್ಲಿ ಜೋಳ ತುಂಬಿಡಲು ನೆಲದೊಳಗೆ ಆಳವಾಗಿ ಹಗೇವು ತೋಡುತ್ತಿದ್ದರು. ಬಾಯಿ ಮಾತ್ರ ಒಬ್ಬರು ಇಳಿಯುವಷ್ಟು.

"ಬಾಯಿ ಸಣ್ಣದು ನೋಡು, ಅದಕ್ಕ ಸಣ್ಣ ಹುಡುಗರನ್ನ ಇಳಸತಿದ್ರು. ನನ್ನ ಇಳಿಸಿದ್ರು. ನಾ ಕೆಳಗ ಬುಟ್ಟಿ ತುಂಬಾಕತ್ತೀನಿ, ಮ್ಯಾಲ ಮಳಿ ಹನಿ ಬಿತ್ತು. ಜ್ವಾಳ ತೊಯ್ತಾವಂತ ನಮ್ಮ ಕಾಕಾ ಓಡಿ ಬಂದು ಕಲ್ಲು ಎಳದು ಮುಚ್ಚಿಬಿಟ್ಟ. ಒಳಗ ನಾ ಅದೀನಂತ ಅವಂಗ ಗೊತ್ತಿಲ್ಲ."

"ಕೂಗಲಿಲ್ಲೇನ್ರಿ ಸರ?"

"ಕೂಗಿದೆ. ನಾ ಕೂಗಿದ್ದು ನನಗ ತಿರಗಿ ಬರತಿತ್ತು, ಅಷ್ಟ. ಅವ್ವ ಉಣ್ಣಾಕ ಕರದಾಗ ನಾ ಇಲ್ಲ ಅನ್ನೂದು ತಿಳೀತು ಅವರಿಗೆ." ಸ್ವಲ್ಪ ಹೊತ್ತು ಬೂಟಿನ ಲೇಸು ಬಿಚ್ಚಿ ಕಟ್ಟಿದರು. "ಕಾಕಾನ ತಪ್ಪೇನಿಲ್ಲ. ಜ್ವಾಳ ಉಳಸಾಕ ಓಡಿ ಬಂದಾಂವ ಅವ."

ಇಷ್ಟು ವರ್ಷ ಈ ಮನುಷ್ಯನ ಖಯಾಲಿಗೆ ನಾವೆಲ್ಲ ನಕ್ಕಿದ್ದೆವಲ್ಲ ಎಂದು ಸಂಕಟವಾಯಿತು. ಜೊತೆಗೇ ಸಿಟ್ಟೂ ಬಂತು. ಅವರ ಹಗೇವಿಗಾಗಿ ಬಿಜಲಿ ಕಾಲು ಕಳೆದುಕೊಳ್ಳುವುದೆಂದರೆ ಯಾವ ನ್ಯಾಯ?

ಮರುದಿನ ಬಿಜಲಿಯನ್ನು ಡಾಕ್ಟರ ಹತ್ತಿರವೇ ಬಿಟ್ಟು ಊರಿಗೆ ಬಂದೆವು. ನನ್ನ ಮೊಬೈಲಿನಲ್ಲಿ ಕೇಜುಗಳನ್ನು ತೆಗೆದು ಒಂದೊಂದಾಗಿ ತೋರಿಸಿದೆ. ಮಾಸ್ತರು ಅಂಗಡಿಯ ಕಟ್ಟೆಯ ಮೇಲೆ ಕೂತು, ಕನ್ನಡಕ ಹಣೆಗೇರಿಸಿ, ಹೆಣ್ಣು ನೋಡಲು ಬಂದವರ ಗತ್ತಿನಲ್ಲಿ ಒಂದೊಂದಕ್ಕೂ ಕೊಂಕು ತೆಗೆದರು. ಬಟ್ಟೆಯದು ಹಗುರ, ಮಡಚಿದರೆ ಚೀಲ. ಆದರೆ ನಮ್ಮ ಬಿಸಿಲಿಗೆ ಒಳಗೆ ಬೇಯುತ್ತದೆ, ಬಿಜಲಿಯ ಉಗುರು ತಗುಲಿದರೆ ಹರಿಯುತ್ತದೆ. ವಿಮಾನಕ್ಕೆ ಒಯ್ಯುವ ಪ್ಲಾಸ್ಟಿಕ್ಕಿನದು ಗಟ್ಟಿ, ಅದರ ಸಣ್ಣ ಕಿಟಕಿ ನೋಡಿಯೇ ಇವರ ಹಣೆ ಬೆವರಿತು. ಕೊನೆಗೆ ಉಳಿದದ್ದು ಮಡಚುವ ತಂತಿ ಜಾಲಿಯದು. ನಾನು ನಾಯಿಯ ತೂಕ ಹಾಕಿ ಅಳತೆ ನೋಡಿದೆ, ಮಧ್ಯಮ ಗಾತ್ರ ಸಾಕೆಂದು ಬಂತು.

"ತೂಕ ನೋಡಿ ತಗೊಂಡ್ರ ಅಕಿ ಕುತ್ತಿಗಿ ಬಗ್ಗಿಸಿ ನಿಂದರಬೇಕಾಕ್ಕೈತಿ" ಎಂದರು ಮಾಸ್ತರು. "ಇವು ಕಾಲಿನ ಜಾತಿ. ಎತ್ತರ ನೋಡು."

ಅದು ಮಾತ್ರ ಅವರು ಹೇಳಿದ್ದು ಸರಿ. ಅಳತೆಯ ಪಟ್ಟಿ ಮಾಡಿದವರು ಗುಂಡು ನಾಯಿಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಬಿಜಲಿ ಸಾಲಿಯ ಗೋಡೆಗೆ ಒರಗಿ ನಿಲ್ಲುತ್ತಿದ್ದ ಜಾಗದಲ್ಲಿ ತಲೆಯ ಎತ್ತರಕ್ಕೆ ಜಿಡ್ಡಿನ ಗುರುತು ಬಿದ್ದಿತ್ತು. ಇಬ್ಬರೂ ಹೋಗಿ ಟೇಪು ಹಿಡಿದು ಅದನ್ನೇ ಅಳೆದೆವು. ಉದ್ದಕ್ಕೆ ಬಿಜಲಿಯ ಹಾಸಿಗೆಯ ಚೀಲದಲ್ಲಿ ಬಿದ್ದ ತಗ್ಗು. ಅಳತೆ ಹೇಳುವಾಗೆಲ್ಲ ಮಾಸ್ತರು ಒಂದು ಗೇಣು ಹೆಚ್ಚಿಗೆ ಹೇಳುವರು, ನಾನು ಕಣ್ಣು ಕೆಂಪು ಮಾಡುವೆ, ಅವರು ಗೇಣು ವಾಪಸು ತೆಗೆದುಕೊಳ್ಳುವರು. ಹಾಗೆ ಜಗಳಾಡುತ್ತಲೇ ತರಿಸಿದೆವು.

ಕೇಜು ಬಂತು. ನನ್ನ ಕಾರಿನ ಹಿಂದಿನ ಸೀಟು ಮಡಚಿದರೆ ಸರಿಯಾಗಿ ಹಿಡಿಸಿತು. ಅದರಲ್ಲೇ ಬಿಜಲಿಯನ್ನು ಮನೆಗೆ ತಂದದ್ದು. ಹುಬ್ಬಳ್ಳಿಯಲ್ಲಿ ಡಾಕ್ಟರೇ ಒಳಗೆ ಮಲಗಿಸಿ ಚಿಲಕ ಹಾಕಿದರು, ಮದ್ದಿನ ಮಂಪರಿನಲ್ಲಿ ಅದಕ್ಕೆ ಏನೂ ಗೊತ್ತಾಗಲಿಲ್ಲ. ಕಷ್ಟ ಶುರುವಾದದ್ದು ಮನೆಯಲ್ಲಿ. ಊಟಕ್ಕೆ, ಹೊರಗೆ ಕರೆದೊಯ್ಯುವುದಕ್ಕೆ ತೆಗೆದ ಬಾಗಿಲನ್ನು ಮತ್ತೆ ಹಾಕಬೇಕಲ್ಲ! ಮಾಸ್ತರಿಗೆ ಆಗುತ್ತಿರಲಿಲ್ಲ. ಚಿಲಕದವರೆಗೆ ಕೈ ಬರುವುದು, ಅಲ್ಲಿ ನಿಂತುಬಿಡುವುದು. ಆದ್ದರಿಂದ ನಾನು ಗಲ್ಲೆ ಬಿಟ್ಟು ರಸ್ತೆ ದಾಟಿ ಹೋಗಿ ಚಿಲಕ ಹಾಕಿ ಬರುವ ಪದ್ಧತಿ ಬಿತ್ತು. ನಾನು ಹಾಕುವಾಗ ಅವರು ರಸ್ತೆಗೆ ಹೋಗಿ ಬೆನ್ನು ತಿರುಗಿಸಿ ನಿಲ್ಲುವರು.

ಬಿಜಲಿ ಮೊದಮೊದಲು ಕುಂಯ್‌ಗುಟ್ಟುತ್ತಿತ್ತು. ಒಂದು ಮಧ್ಯಾಹ್ನ ಮಾಸ್ತರು ಅಂಗಡಿಗೆ ಓಡಿಬಂದರು, ಬರಿಗಾಲಲ್ಲಿ. "ತಗಿ ಬೇ ಅದನ್ನ. ಅಕಿಗೆ ಉಸರಾಡಾಕ ಆಗವಲ್ದು!"

ಹೋಗಿ ನೋಡಿದೆ. ಅದು ಮೂತಿಯನ್ನು ಮುಂಗಾಲ ಮೇಲಿಟ್ಟು ನಮ್ಮಿಬ್ಬರನ್ನೂ ನೋಡುತ್ತಿತ್ತು. ಪಕ್ಕೆ ಸಮಾಧಾನದಿಂದ ಏರಿ ಇಳಿಯುತ್ತಿತ್ತು. ಗಿರಾಕಿಗಳನ್ನು ಬಿಟ್ಟು ಬಂದ ಸಿಟ್ಟಿನಲ್ಲಿ ಅಂದೇಬಿಟ್ಟೆ:

"ಅಕಿ ಉಸರು ಛಲೋ ಐತ್ರಿ ಸರ. ಆಗವಲ್ದು ನಿಮಗ."

ಅವರು ಗೋಡೆ ಹಿಡಿದು ಕೆಳಗೆ ಕೂತರು. ಎದೆ ಬಡಿತ ಶರ್ಟಿನ ಮೇಲೆ ಕಾಣುತ್ತಿತ್ತು. ನೀರು ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು, "ಅಕಿ ನಾ ಅಲ್ಲ ಅಂತೀ?" ಎಂದು ಕೇಳಿದರು. ಕೇಳಿದ ರೀತಿಗೆ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

"ಅಲ್ರಿ. ನೀವ ಕಲಸಾಕ ಬೇಕ್ರಿ ಅಕಿಗೆ. ನಮಗ ಕುಂದರೂದು ಕಲಿಸೀರಿಲ್ಲ?"

ಕಲಿಸಿದರು. ಕಲಿಸುವ ಕೆಲಸವೆಂದರೆ ಆ ಮನುಷ್ಯ ಬೇರೆಯೇ. ರೊಟ್ಟಿ, ಹಾಲು, ಮೊಟ್ಟೆ ಎಲ್ಲ ಒಳಗೇ ಇಟ್ಟರು. ತಮ್ಮ ಹಳೆಯ ಸ್ವೆಟರು ಒಳಗೆ ಹಾಸಿದರು. ಮೇಲೆ ಹೊದಿಕೆ ಹಾಕಿ ಅರ್ಧ ನೆರಳು ಮಾಡಿದರು. ಬಾಗಿಲು ಮುಂದೆ ತಂದು ತೆಗೆಯುವುದು, ಚೂರು ಹಾಕಿ ತೆಗೆಯುವುದು, ಹಾಕಿ ಪಕ್ಕದಲ್ಲೇ ಕೂತು ಅದಕ್ಕೆ ಕೇಳಿಸುವಂತೆ ಪೇಪರು ಓದುವುದು. ಒಂದು ದಿನ ನಾನು ರಸ್ತೆ ದಾಟಿ ಹೋದಾಗ ಚಿಲಕ ಆಗಲೇ ಬಿದ್ದಿತ್ತು. ಮಾಸ್ತರು ಬೆವರಿನಿಂದ ತೊಯ್ದು, ಕೇಜಿನ ಪಕ್ಕ ಚಕ್ಕಂಬಕ್ಕಳ ಹಾಕಿ ಕೂತಿದ್ದರು. ನಾನು ಗಲ್ಲೆಗೆ ವಾಪಸು ಬಂದೆ.

ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ಅವರು ಕೇಜಿನ ಜಾಲಿಯಲ್ಲಿ ಬೆರಳು ತೂರಿಸಿಕೊಂಡು ಪಕ್ಕದ ಇಕ್ಕಟ್ಟಿನಲ್ಲಿ ಕೂತರು. ಅದೇ ಯಲಬುರ್ಗಾ ದಾರಿ, ಅದೇ ಹಂಪು. ಬಿಜಲಿ ಜಾರಲಿಲ್ಲ. ಜಾರಲು ಜಾಗವೇ ಇರಲಿಲ್ಲ. ಸುತ್ತಲಿನ ಜಾಲಿಗೆ ಮೈ ಕೊಟ್ಟು ನಿದ್ದೆ ಹೋಗಿತ್ತು. "ಮಕ್ಕೊಂಡಾಳ ಬೇ" ಎಂದರು ಮಾಸ್ತರು. ಗದಗ ದಾಟಿದ ಮೇಲೆ ಮತ್ತೊಮ್ಮೆ, "ಇನ್ನೂ ಮಕ್ಕೊಂಡಾಳ" ಎಂದರು. ಡಾಕ್ಟರು ಎಕ್ಸ್‌ರೇ ತೆಗೆದು ನೋಡಿ, ಪ್ಲೇಟು ಕೂರಿಸಿದಲ್ಲೇ ಇದೆ, ಮೂಳೆ ಹಿಡಿಯುತ್ತಿದೆ ಎಂದಾಗ ನಾನು ಅತ್ತುಬಿಟ್ಟೆ. ಅವರು ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಮೂಗು ಒರೆಸಿಕೊಂಡರು.

ಬಿಜಲಿಯ ಕಾಲು ಉಳಿಯಿತು. ಚೂರು ಕುಂಟುತ್ತದೆ, ಓಡುವಾಗ ಗೊತ್ತಾಗುವುದಿಲ್ಲ. ಡಾಕ್ಟರು ಇನ್ನು ಕೇಜು ಬೇಡ ಎಂದ ದಿನವೇ ಮಾಸ್ತರು ಅದರ ಬಾಗಿಲು ತೆಗೆದು, ಮತ್ತೆ ಮುಚ್ಚದಂತೆ ತಂತಿಯಿಂದ ಕಟ್ಟಿಬಿಟ್ಟರು. ಆದರೆ ಬಿಜಲಿ ಬಿಡಬೇಕಲ್ಲ. ಮೈದಾನದಲ್ಲಿ ಓಡಿ ಬಂದು, ನೀರು ಕುಡಿದು, ಇಡೀ ಮನೆ ಬಯಲು ಬಿದ್ದಿದ್ದರೂ ಸೀದಾ ಅದರೊಳಗೆ ಹೋಗಿ ಸುರುಳಿ ಸುತ್ತಿಕೊಳ್ಳುವುದು. ಮಾಸ್ತರಿಗೆ ಮೊದಲು ಇದರಿಂದ ಅವಮಾನವೇ ಆಯಿತು. ಆಮೇಲೆ ಎದುರಿಗೆ ಕುಕ್ಕರುಗಾಲಲ್ಲಿ ಕೂತು ನೋಡುವುದು ಅವರಿಗೊಂದು ಕೆಲಸವಾಯಿತು. "ಏನೈತಿ ಬೇ ಅದರಾಗ? ಅಕಿಗೆ ಏನ ಕಾಣತೈತಿ?" ಎಂದು ನನ್ನನ್ನು ಕೇಳುವರು. ನನಗೇನು ಗೊತ್ತು? ನಾನು ಔಷಧಿ ಮಾರುವವಳು.

ಹೋದ ಮಳೆಗಾಲದ ಕೊನೆಗೆ ಅವರಿಗೆ ಕೆಮ್ಮು ಹತ್ತಿತು. ನಾನು ಕೊಟ್ಟ ಯಾವುದಕ್ಕೂ ಬಗ್ಗಲಿಲ್ಲ. ಬಿಜಲಿಯನ್ನು ನಮ್ಮ ಮನೆಗೆ ಕರೆತಂದು, ಅವರನ್ನು ಕೊಪ್ಪಳದ ಆಸ್ಪತ್ರೆಯೊಂದಕ್ಕೆ ಸೇರಿಸಿದೆ. ಶ್ವಾಸಕೋಶದ ತುಂಬ ಸೋಂಕು. ಬೇರೆಯವರಿಗೆ ಹರಡಬಾರದೆಂದು ಒಂಟಿ ಕೋಣೆ ಕೊಟ್ಟರು. ಕಿಟಕಿಗೆ ಗಾಜು ಬಿಗಿದಿತ್ತು, ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುವಂಥದು. ಮಾಸ್ತರ ಕಣ್ಣು ಬಾಗಿಲನ್ನು ಬಿಟ್ಟು ಕದಲುತ್ತಿರಲಿಲ್ಲ. ಕೈ ಹಾಸಿಗೆಯ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ನನ್ನ ಒಂದು ಚಪ್ಪಲಿ ತೆಗೆದು ಬಾಗಿಲ ಸಂದಿಗೆ ಸಿಕ್ಕಿಸಿದೆ.

ನರ್ಸ್ ಬಂದಳು. "ಅಕ್ಕಾರ, ಬಾಗಲಾ ತಗದಿಡಂಗಿಲ್ರಿ. ಬಾಜೂಕ ಬ್ಯಾರೆ ಪೇಷಂಟ್ ಅದಾರ" ಎಂದು ಚಪ್ಪಲಿಯನ್ನು ಕಾಲಿನಿಂದ ಮೆಲ್ಲಗೆ ಸರಿಸಿ ಹೋದಳು. ಅವಳು ಹೇಳಿದ್ದು ಸರಿ ಎಂದು ನನಗೂ ಗೊತ್ತು. ಅವಳು ಹೋದ ಕೂಡಲೇ ಮತ್ತೆ ಸಿಕ್ಕಿಸಿದೆ. ಅವಳು ಮತ್ತೆ ತೆಗೆದಳು. ಸಂಜೆಯ ಹೊತ್ತಿಗೆ ನನ್ನ ದನಿ ಓಣಿಯ ಎತ್ತರಕ್ಕೆ ಏರಿತು. "ನಿಮಗ ಗೊತ್ತಿಲ್ಲವಾ, ಈ ಮನಷ್ಯಾಗ ಬಾಗಲಾ ಹಾಕಿದ್ರ ಜೀವ ಹೋಕ್ಕೈತಿ" ಎಂದು ಕೂಗಾಡಿದೆ. ಆ ಹುಡುಗಿಯ ಕಣ್ಣಲ್ಲಿ ನೀರು ಬಂತು. ನಾಳೆ ಹಿರಿಯ ಡಾಕ್ಟರನ್ನು ಕೇಳುತ್ತೇನೆಂದು ಹೋದಳು.

ಮಾಸ್ತರು ಮುಖದ ಮೇಲಿನ ಆಕ್ಸಿಜನ್ ಮಾಸ್ಕು ಸರಿಸಿ ನನ್ನನ್ನು ಕರೆದರು. ಮಾತು ತುಂಡು ತುಂಡಾಗಿ ಬರುತ್ತಿತ್ತು.

"ಜಗಳ ಬ್ಯಾಡವಾ. ಹಾಕಿಬಿಡು."

"ಅಲ್ರಿ ಸರ, ನಿಮಗ ಆಗೂದಿಲ್ರಿ."

"ಬಿಜಲಿ ತಾನ ಒಳಗ ಹೋಗಿ ಮಲಗತಿದ್ಲಲ್ಲ." ಉಸಿರು ಎಳೆದುಕೊಂಡರು. "ನಾನೂ ನೋಡತೀನಿ. ನೀನ ಹಾಕು."

ಎದ್ದು ಹೋಗಿ ಚಪ್ಪಲಿ ತೆಗೆದು ಕಾಲಿಗೆ ಹಾಕಿಕೊಂಡೆ. ತಿರುಗಿ ನೋಡಿದೆ. ಅವರು ಕಣ್ಣು ಮುಚ್ಚಿದ್ದರು, ಅಂಚು ಹಿಡಿದ ಕೈ ಇನ್ನೂ ಬಿಗಿಯಾಗಿಯೇ ಇತ್ತು. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತೆ. ಆಮೇಲೆ ಒಳಗೇ ನಿಂತು ಬಾಗಿಲು ಹಾಕಿದೆ.